ಎಲ್ಲರಿಗೂ ಒಂದೊಂದು ಸೌಟು ಕಂಪ್ಯೂಟರ್

ಹಿಂದೆ, ಅಂದರೆ ತೀರ ರಾಜರ ಕಾಲದಲ್ಲಲ್ಲ, ನಮ್ಮ ವಿಜ್ಞಾನ ಕಾಲೇಜಿಗೆಲ್ಲ ಸೇರಿ ಒಂದೇ ಕಂಪ್ಯೂಟರ್ ಇದ್ದ ಕಾಲದಲ್ಲಿ, ಹಾಲಮ್ಮ ಅನ್ನುವವಳಿಗೆ ತಿಪ್ಪೇಶಿ ಅಂತ ಒಬ್ಬ ಮಗನಿದ್ದ. ಹಾಲಮ್ಮ ಕಾಲೇಜಿನ ಹಿಂದುಗಡೆ ಮೆಸ್ಸು ನಡೆಸುತ್ತಿದ್ದಳು. ಅವಳ ಬೆಳ್ಳುಳ್ಳಿ ಚಟ್ನಿಯ ಖಾರ ನನ್ನ ನಾಲಿಗೆ ಮೇಲೆ ಇವತ್ತಿಗೂ ಇದೆ. ಮಗನೋ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಬಸ್ಸು ಬರೋವರೆಗೂ ಕಾಯಿ ಅಂದರೆ, ಬಸ್ಸು ಬಂದದ್ದನ್ನು ನೋಡಿ ಮನೆಗೆ ವಾಪಸು ಬರುವವನು.

"ಇವನಿಗೊಂದು ಕೆಲಸ ಅಂತ ಆದ್ರೆ, ನಾನು ಕಣ್ಮುಚ್ಚಿದ ಮೇಲೂ ಉಣ್ತಾನೆ ಸಾರ್" ಅನ್ನುತ್ತಿದ್ದಳು, ಬಡಿಸುವಾಗಲೆಲ್ಲ.

ಕಂಪ್ಯೂಟರ್ ಕೋಣೆಯ ಮುಖ್ಯಸ್ಥರು ನಾಗರಕಟ್ಟಿಯವರು. ಅವಳ ಕೈಯೂಟ ಉಂಡವರು, ಹೇಗೆ ಇಲ್ಲ ಅಂದಾರು? ತಿಪ್ಪೇಶಿಯನ್ನು ಹಂಗಾಮಿಯಾಗಿ ಇಟ್ಟುಕೊಂಡರು. "ಯುನಿವರ್ಸಿಟಿಯಿಂದ ಕಮಿಟಿ ಬರುತ್ತೆ ಹಾಲಮ್ಮ. ಅವರು ಒಪ್ಪಿದ್ರೆ ಪರ್ಮನೆಂಟು. ಇಲ್ಲಾಂದ್ರೆ ಮನೆಗೆ."

ಆಗಿನ ಕಂಪ್ಯೂಟರ್ ಅಂದರೆ ಕೋಣೆ ತುಂಬ ಬೀರುಗಳು. ಆ ತಂಪು ಗಾಳಿ, ಆ ಗುಂಯ್ ಸದ್ದು, ಹೊರಗೆ ಬಿಟ್ಟ ಚಪ್ಪಲಿಗಳ ಸಾಲು, ಆಹಾ! ಭೌತದವರು, ರಸಾಯನದವರು, ಭೂವಿಜ್ಞಾನದವರು, ಎಲ್ಲರೂ ಅದೊಂದನ್ನೇ ಹಂಚಿಕೊಳ್ಳಬೇಕು. ಅವರವರ ಲೆಕ್ಕ ಉಳಿಸಿಡಲು ಯಂತ್ರದೊಳಗೆ ಒಬ್ಬೊಬ್ಬರಿಗೆ ಇಷ್ಟಿಷ್ಟೇ ಜಾಗ. ಅದಕ್ಕೆ ಕೋಟಾ ಅನ್ನುತ್ತಿದ್ದೆವು.

"ಕೋಟಾ ತುಂಬಿದವರನ್ನ ಒಳಗೆ ಬಿಡಬೇಡ ಕಣೋ" ಅಂದರು ನಾಗರಕಟ್ಟಿ. ಯಂತ್ರದಲ್ಲಿ ಅಂಥವರ ಖಾತೆ ತಡೆ ಅಂತ ಅವರ ಮಾತಿನ ಅರ್ಥ. ತಿಪ್ಪೇಶಿ ಬಾಗಿಲಿಗೆ ಬೆಂಚು ಅಡ್ಡ ಹಾಕಿ ಕೂತ. ಮೊದಲು ಬಂದವರೇ ನಾಗರಕಟ್ಟಿ.

"ಏಳೋ, ಒಳಗೆ ಹೋಗ್ಬೇಕು."

"ನಿಮ್ಮ ಕೋಟಾ ತುಂಬಿದೆ ಸಾರ್."

"ಈ ಕೋಣೆ ನಂದೇ ಕಣೋ."

"ಕೋಣೆ ನಿಮ್ಮದೇ ಸಾರ್. ಕೋಟಾ ತುಂಬಿದೆ."

ಪಾಪ, ಅರ್ಧ ದಿನ ಚಪ್ಪಲಿಗಳ ಜೊತೆ ನಿಂತರು.

ಸುದ್ದಿ ಕೇಳಿ ಹಾಲಮ್ಮ ಹಣೆ ಚಚ್ಚಿಕೊಂಡಳು. "ಬಾಗಿಲಿಗೆ ಬಂದೋರನ್ನ ಯಾರಾದ್ರೂ ತಡೀತಾರೇನೋ ನನ್ನಪ್ಪ? ನಾನು ಪಂಕ್ತೀಲಿ ಹೆಂಗೆ ಬಡಿಸ್ತೀನಿ? ಒಬ್ಬೊಬ್ರಿಗೆ ಒಂದೊಂದು ಸೌಟು ಹಾಕು, ಮುಂದಕ್ಕೆ ಹೋಗು, ಸುತ್ತು ಮುಗಿದ ಮೇಲೆ ಮತ್ತೆ ಮೊದಲಿಂದ ಬಾ. ಹಂಗೆ ಮಾಡು."

"ಹಂಗೇ ಮಾಡ್ತೀನಿ ಕಣವ್ವ."

ಹಾಗೇ ಮಾಡಿದ. ಭೂವಿಜ್ಞಾನದ ವಾರಿಜಾ ಅನ್ನುವ ಸಂಶೋಧನೆಯ ಹುಡುಗಿ ಅಂತರ್ಜಲದ್ದೊಂದು ದೊಡ್ಡ ಲೆಕ್ಕ ಓಡಿಸಿದ್ದಳು. ಸ್ವಲ್ಪ ಓಡುತ್ತಲೂ ತಿಪ್ಪೇಶಿ ನಿಲ್ಲಿಸಿದ. ಭೌತದವರದ್ದು ಓಡಿಸಿದ, ನಿಲ್ಲಿಸಿದ. ರಸಾಯನದವರದ್ದು ಓಡಿಸಿದ, ನಿಲ್ಲಿಸಿದ. ಸುತ್ತು ಮುಗಿಸಿ ಮತ್ತೆ ವಾರಿಜಾಳದ್ದಕ್ಕೆ ಬಂದ. ನಡುವೆ ನಿಲ್ಲಿಸಿದ ಲೆಕ್ಕ ಬಿಟ್ಟಲ್ಲಿಂದ ಮುಂದೆ ಹೋಗುತ್ತದೆಯೇ? ಮತ್ತೆ ಮೊದಲಿನಿಂದ. ಸಂಜೆ ಹೊತ್ತಿಗೆ ಎಲ್ಲರಿಗೂ ಸೌಟು ಸೌಟು ಸಿಕ್ಕಿತ್ತು, ಯಾರ ಹೊಟ್ಟೆಯೂ ತುಂಬಿರಲಿಲ್ಲ.

ನಾಗರಕಟ್ಟಿಯವರು ತಲೆ ಮೇಲೆ ಕೈ ಹೊತ್ತು ಕೂತರು. "ನಾಳೆ ಕಮಿಟಿ ಬರುತ್ತೆ, ಈ ಹುಡುಗಿ ಲೆಕ್ಕವನ್ನೇ ಅವರಿಗೆ ತೋರಿಸ್ಬೇಕು. ಕೊನೇ ಸಲ ಹೇಳ್ತೀನಿ ಕೇಳು. ನಾಳೆ ಇರೋದೆಲ್ಲ ವಾರಿಜಾಗೆ. ಅವಳದ್ದು ಮುಗಿಯೋವರೆಗೂ ಬೇರೆ ಯಾರಿಗೂ ಏನೂ ಇಲ್ಲ. ಯಾರೇ ಬರಲಿ."

"ಆಗ್ಲಿ ಸಾರ್."

ಮರುದಿನ ಬೆಳಿಗ್ಗೆ ವಾರಿಜಾಳ ಲೆಕ್ಕ ಓಡಿಸಿ, ಕಮಿಟಿಯವರ ಊಟಕ್ಕೆ ಬಡಿಸಲು ತಿಪ್ಪೇಶಿ ಮೆಸ್ಸಿಗೆ ಹೋದ. ಪಂಕ್ತಿ ಕೂತಿತ್ತು, ಕಮಿಟಿಯವರ ಸಾಲಿನಲ್ಲೇ ವಾರಿಜಾಳೂ. ಎಲ್ಲರ ಮುಂದೆಯೂ ಎಲೆ. ಆದರೆ ರೊಟ್ಟಿಯ ರಾಶಿ, ಎಣ್ಣೆಗಾಯಿ, ಹೋಳಿಗೆ, ಅನ್ನದ ಗುಡ್ಡ, ಎಲ್ಲವೂ ವಾರಿಜಾಳ ಎಲೆಗೆ. ಸಾರಿನ ಕೊಳಗವನ್ನೂ ಅವಳ ಪಕ್ಕಕ್ಕೇ ತಂದಿಟ್ಟ.

"ನಮಗೇನಪ್ಪ?" ಅಂದರು ಕಮಿಟಿಯ ಹಿರಿಯರು.

"ಅವರದ್ದು ಮುಗೀಲಿ ಸಾರ್. ಆಮೇಲೆ ನಿಮ್ಮ ಪಾಳಿ."

"ಅಷ್ಟೂ ಅವಳೊಬ್ಬಳೇ ಉಣ್ತಾಳಾ?"

"ದೊಡ್ಡದು ಸಾರ್. ಟೈಮ್ ಹಿಡಿಯುತ್ತೆ."

ನಾಗರಕಟ್ಟಿಯವರು ಅವನ ಕಿವಿ ಹಿಡಿದು ಮೂಲೆಗೆ ಎಳೆದರು. "ಚಿಕ್ಕ ಕೆಲಸದವರನ್ನ ಮುಂದೆ ಬಿಡ್ಬೇಕು, ದೊಡ್ಡದನ್ನ ಕೊನೆಗೆ ಇಡ್ಬೇಕು ಕಣೋ. ಪಾಳಿ ಅಂದ್ರೆ ಅದು."

"ಆಗ್ಲಿ ಸಾರ್."

ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ನೋಡಿದ ಹಾಲಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಮುಗೀತು, ಹೋಯ್ತು ಕೆಲಸ.

ಆದರೆ ಅತ್ತ ಕಂಪ್ಯೂಟರ್ ಕೋಣೆಯಲ್ಲಿ ತಿಪ್ಪೇಶಿ ಇರಲಿಲ್ಲವಲ್ಲ! ನಿಲ್ಲಿಸುವವರಿಲ್ಲದೆ ವಾರಿಜಾಳ ಲೆಕ್ಕ ಸಲೀಸಾಗಿ ಓಡಿ ಮುಗಿದಿತ್ತು. ಊಟ ಸಿಕ್ಕ ಮೇಲೆ ಕಮಿಟಿಯವರು ಹೋಗಿ ಅದನ್ನು ನೋಡಿ ಮೆಚ್ಚಿದರು. ಹಿರಿಯರು ಮತ್ತೆ ಮತ್ತೆ ನಕ್ಕರು. "ಎಲ್ಲಾ ಕಡೆ ನಾವು ಹೋದ್ರೆ ಪಾಳಿ ತಪ್ಪಿಸಿ ನಮಗೇ ಮೊದಲು ಕೊಡ್ತಾರೆ. ಇವನೊಬ್ಬ ಕೊಡಲಿಲ್ಲ ನೋಡಿ. ಹಂಚೋ ಜಾಗದಲ್ಲಿ ಇಂಥವನು ಇರಲಿ. ಕೈಗೆ ಸೌಟು ಮಾತ್ರ ಕೊಡ್ಬೇಡಿ."

"ಓಡೋ, ಪರ್ಮನೆಂಟ್ ಆಯ್ತು ಅಂತ ಅವ್ವನಿಗೆ ಹೇಳು" ಅಂದರು ನಾಗರಕಟ್ಟಿ.

ಓಡಿದ. ಅಡುಗೆಮನೆ ಕಿಟಕಿಯ ಮುಂದೆ ಮಜ್ಜಿಗೆಗೆ, ಉಪ್ಪಿನಕಾಯಿಗೆ ನಾವೆಲ್ಲ ಸಾಲು ನಿಂತಿದ್ದೆವು. ತಿಪ್ಪೇಶಿ ಬಾಲಕ್ಕೆ ನಿಂತ. ಹಿಂದಿನಿಂದ ಯಾರು ಬಂದರೂ, "ನಿಮ್ಮದು ಚಿಕ್ಕದು, ನೀವು ಹೋಗಿ. ನಂದು ದೊಡ್ಡದು" ಅಂತ ಮುಂದೆ ಬಿಟ್ಟ.

"ಬಾರೋ ಇಲ್ಲಿ, ಏನಂದ್ರೋ?" ಹಾಲಮ್ಮ ಕಿಟಕಿಯಿಂದ ಕೇಳಿದಳು.

"ಇನ್ನೂ ಪಾಳಿ ಬಂದಿಲ್ಲ ಕಣವ್ವ."

ಮಗ ಮುಖ ತೋರಿಸಲಾರದೆ ದೂರ ನಿಂತಿದ್ದಾನೆ ಅಂತಲೇ ಅವಳು ತಿಳಿದಳು. ಒಂದು ಕೈಯಲ್ಲಿ ಮಜ್ಜಿಗೆ ಹಾಕುವಳು, ಇನ್ನೊಂದರಲ್ಲಿ ಕಣ್ಣೊರೆಸುವಳು. ಮಜ್ಜಿಗೆ ಮುಗಿಯಿತು. ಉಪ್ಪಿನಕಾಯಿ ಮುಗಿಯಿತು. ಪಾತ್ರೆ ತೊಳೆಯುವವಳೂ ಬೂದಿ ಕೇಳಿ ಇಸಿದುಕೊಂಡು ಹೋದಳು. ಆಗ ತಿಪ್ಪೇಶಿ ಕಿಟಕಿಗೆ ಬಂದು ಕೈಕಟ್ಟಿ ನಿಂತ.

"ಅವ್ವ, ಪರ್ಮನೆಂಟು."

ಹಾಲಮ್ಮ ಅಳುತ್ತ, ನಗುತ್ತ, ಕಿಟಕಿಯಿಂದ ಕೈ ಚಾಚಿ ಸೌಟಿನಲ್ಲೇ ಬೆನ್ನಿಗೊಂದು ಬಿಗಿದಳು.

ತಿಪ್ಪೇಶಿ ಬೆನ್ನು ಸವರಿಕೊಂಡ. ಒಂದು ಸೌಟು ಆಯಿತಲ್ಲ? ತಿರುಗಿ ನಡೆದು, ಯಾರೂ ಇಲ್ಲದ ಆ ಸಾಲಿನ ಕೊನೆಗೆ ಹೋಗಿ ನಿಂತ, ಮುಂದಿನ ಸುತ್ತಿಗೆ.