ಪಟ್ಟಿಯ ಮೊದಲ ಹೆಸರು

ಅಂದೂ ಎಂದಿನಂತೆ ಒಂದು ಭಾನುವಾರ. ಊರಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಮುಕ್ತ ತಂತ್ರಾಂಶದ ಸ್ವಯಂಸೇವಕರು ಸೇರಿದ್ದರು. ಶಾಲಾ ಮಕ್ಕಳ ಗಣಿತದ ತಂತ್ರಾಂಶವನ್ನು ಜೂನ್ ಒಳಗೆ ಕನ್ನಡಕ್ಕೆ ತರಬೇಕಿತ್ತು. ಇನ್ನೂ ನಾನೂರ ಹದಿಮೂರು ಸಾಲು ಬಾಕಿ. ತಂಡ ಕಟ್ಟಿದ ವನಮಾಲಾ ಟೀಚರ್ ತೀರಿಕೊಂಡ ಮೇಲೆ ಕೆಲಸ ನಿಂತು, ಜಗಳವಷ್ಟೇ ನಡೆದಿತ್ತು.

ಕೋಣೆ ಕೊಡಿಸಿದ್ದ ನಿವೃತ್ತ ಅಧಿಕಾರಿ ಷಡಾಕ್ಷರಪ್ಪನವರು ಎದ್ದು ನಿಂತರು.

"ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿ. ಕೆಲಸ ಮಾಡಿದವರ ಪಟ್ಟಿಯಲ್ಲಿ ನನ್ನ ಹೆಸರೇ ಮೊದಲು ಬರಬೇಕು. ಇಲ್ಲದಿದ್ದರೆ ಕೋಣೆಗೆ ಬೀಗ!"

ಎಲ್ಲರೂ ದಣಿದಿದ್ದರು. ಗ್ರಂಥಾಲಯದ ಗುಮಾಸ್ತ ಮಾತ್ರ ಕಂಪ್ಯೂಟರಿನಲ್ಲಿ ಏನೋ ಟೈಪ್ ಮಾಡಿ ಮುಗಿಸಿ ತಲೆಯೆತ್ತಿದ.

"ಆಗಲಿ ಸರ್. ಆದರೆ ಈ ಪಟ್ಟಿ ನಮ್ಮ ಮಾತು ಕೇಳೋದಿಲ್ಲ. ಹೆಚ್ಚು ಸಾಲು ಅನುವಾದ ಮಾಡಿದವರನ್ನ ತಾನೇ ಮೇಲೆ ಹಾಕುತ್ತೆ. ಟೀಚರಮ್ಮನದು ನಾನೂರ ಹನ್ನೆರಡು. ನಿಮ್ಮದು ಸೊನ್ನೆ."

"ಬಾಕಿ ಇರೋದು?"

"ಎಲ್ಲ ನಿಮಗೇ ಸರ್. ಮೇಲೆ ಬಂದ ದಿನ ನೀವೇ ಅಧ್ಯಕ್ಷರು."

ಷಡಾಕ್ಷರಪ್ಪನವರು ಕುಳಿತರು. ಏಳು ಭಾನುವಾರ ನಿಘಂಟು ತಿರುವಿದರು, ಭಿನ್ನರಾಶಿಗೆ ಬೈದರು, ಕಾಫಿ ಆರಿ ತಣ್ಣಗಾಗಲು ಬಿಟ್ಟರು. ಮೇ ಕೊನೆಯ ವಾರ ಕೂಗಿದರು.

"ನಾನೂರ ಹನ್ನೊಂದು! ಇನ್ನೆರಡು ಸಾಲು ಕೊಡಯ್ಯ."

"ಮುಗೀತು ಸರ್. ಒಂದೂ ಉಳಿದಿಲ್ಲ."

ಅವರು ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಬಹಳ ಹೊತ್ತು ಓದಿದರು. ಆಮೇಲೆ ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಮನೆಗೆ ಹೋದರು.

ಪಟ್ಟಿಯ ಕೊನೆಯಲ್ಲಿ ಗುಮಾಸ್ತನ ಹೆಸರಿತ್ತು. ಅದರ ಮುಂದೆ ಎರಡು ಸಾಲು, ಷಡಾಕ್ಷರಪ್ಪನವರು ಅಧ್ಯಕ್ಷಗಿರಿ ಕೇಳಿದ ಭಾನುವಾರದ ತಾರೀಕು.