ಕೋಳಿ ಕೆಮ್ಮಿದ ಕೇರಿ

ಒಂದು ಊರಿನ ಕೊನೆಯಲ್ಲಿ ಏಳು ಮನೆಗಳ ಒಂದು ಕೇರಿ ಇತ್ತು. ಏಳು ಮನೆಗೂ ಸೇರಿ ಒಂದೇ ನಲ್ಲಿ. ನಲ್ಲಿಯ ಕೆಳಗೆ ಒಂದು ಕಲ್ಲುತೊಟ್ಟಿ. ಎಲ್ಲರ ಹಿತ್ತಿಲಲ್ಲೂ ಕೋಳಿಗಳಿದ್ದವು, ಎಲ್ಲರ ಕೋಳಿಗಳೂ ಆ ತೊಟ್ಟಿಯಲ್ಲೇ ನೀರು ಕುಡಿಯುತ್ತಿದ್ದವು.

ಆ ಕೇರಿಯವರು ಹಾವಿಗೆ ಹೆದರುತ್ತಿರಲಿಲ್ಲ, ಕಳ್ಳರಿಗೂ ಹೆದರುತ್ತಿರಲಿಲ್ಲ. ಒಂದು ಸದ್ದಿಗೆ ಮಾತ್ರ ಹೆದರುತ್ತಿದ್ದರು. ಅದು ಕೋಳಿಯ ಗಂಟಲಲ್ಲಿ ಬರುವ ಗೊರಗೊರ ಸದ್ದು.

ಅದಕ್ಕೆ ಕಾರಣವಿದೆ. ಮೂರು ವರ್ಷದ ಹಿಂದೆ ಕೊನೆಯ ಮನೆಯ ದಾಸಮ್ಮನ ಕೋಳಿಗೆ ಆ ಸದ್ದು ಬಂದಿತ್ತು. ದಾಸಮ್ಮ ಒಳಗೊಂದು ಹೊರಗೊಂದು ಇಟ್ಟುಕೊಳ್ಳುವವಳಲ್ಲ. ನೇರವಾಗಿ ನಲ್ಲಿಯ ಹತ್ತಿರ ಬಂದು, "ನನ್ನ ಕೋಳಿಗೆ ಏನೋ ಆಗೈತೆ, ನಿಮ್ಮವನ್ನ ಕೂಡಾಕ್ಕಳ್ಳಿ" ಎಂದು ಎಲ್ಲರಿಗೂ ಹೇಳಿದಳು. ವಾರದೊಳಗೆ ಕೇರಿಯಲ್ಲಿ ಬೆಳಗಾಗಿದೆ ಎಂದು ಕೂಗಲು ಒಂದು ಹುಂಜವೂ ಉಳಿಯಲಿಲ್ಲ. ಆಗ ಜನ ರೋಗ ಬಂತು ಅನ್ನಲಿಲ್ಲ, ದಾಸಮ್ಮ ರೋಗ ತಂದಳು ಅಂದರು. ಅವಳ ಹೆಸರೇ ಗೊರಗೊರ ದಾಸಮ್ಮ ಎಂದಾಯಿತು. ಕಾವಿಗೆ ಬಂದ ಕೋಳಿಯನ್ನು ಮನೆಯಿಂದ ಮನೆಗೆ ಎರವಲು ಕೊಡುವುದು ಆ ಕೇರಿಯ ಪದ್ಧತಿ. ಎಲ್ಲರೂ ಮತ್ತೆ ಕೋಳಿ ಸಾಕಿಕೊಂಡ ಮೇಲೆ ದಾಸಮ್ಮನಿಗೆ ಮಾತ್ರ ಯಾರೂ ಕೊಡಲಿಲ್ಲ. ಅವಳು ನಲ್ಲಿಯ ಹತ್ತಿರ ಕೊಡ ಇಟ್ಟರೆ ಪಕ್ಕದವಳು ತನ್ನ ಕೊಡ ಎತ್ತಿಕೊಂಡು ಹಿಂದೆ ಸರಿಯುತ್ತಿದ್ದಳು.

ಹೀಗೆ ಕೇರಿ ಬುದ್ಧಿ ಕಲಿಯಿತು. ಕಲಿಯಬಾರದ ಬುದ್ಧಿ ಕಲಿಯಿತು. ಕೋಳಿ ಸತ್ತರೆ ಸಾಯಲಿ, ಬಾಯಿ ಬಿಟ್ಟವರು ಕೆಟ್ಟರು ಎಂದು ಎಲ್ಲರೂ ಮನಸ್ಸಿನಲ್ಲೇ ಬರೆದುಕೊಂಡರು.

ಅದೇ ಕೇರಿಯ ನಡುಮನೆಯಲ್ಲಿ ಓಬಳಮ್ಮ ಇದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಕೇರಿಯೇ ಅವಳಿಗೆ ಬಂಧು, ಕೇರಿಯೇ ಬಳಗ. ಸಾರು ಮಾಡಿದರೆ ಒಂದು ಬಟ್ಟಲು ಆ ಮನೆಗೆ, ಒಂದು ಬಟ್ಟಲು ಈ ಮನೆಗೆ. ಅವಳ ಹಿತ್ತಿಲಲ್ಲಿ ಆರು ಕೋಳಿಗಳಿದ್ದವು. ಅವುಗಳಲ್ಲಿ ಕೆಂದಿ ಎಂಬ ಕೆಂಪು ಹೇಂಟೆ ಅವಳ ಮುದ್ದಿನದು. ಅಡುಗೆಮನೆಯ ಹೊಸ್ತಿಲವರೆಗೂ ಬಂದು, ಕತ್ತು ಓರೆ ಮಾಡಿ, ಒಳಗೆ ಏನು ಬೇಯುತ್ತಿದೆ ಎಂದು ನೋಡಿ ಹೋಗುವ ಕೋಳಿ ಅದು.

ಒಂದು ಬೆಳಿಗ್ಗೆ ಓಬಳಮ್ಮ ಕೋಳಿ ಮುಚ್ಚಿದ್ದ ಮಂಕರಿಯನ್ನು ಎತ್ತಿದಳು. ಐದು ಕೋಳಿ ಹೊರಗೆ ಓಡಿದವು. ಕೆಂದಿ ಕೂತೇ ಇತ್ತು. ಅದರ ಒಂದು ಕಣ್ಣಿನ ಮೂಲೆಯಲ್ಲಿ ನೊರೆ ಕಟ್ಟಿತ್ತು. ಮೂಗಿನ ತೂತು ಅಂಟಂಟಾಗಿತ್ತು. ಓಬಳಮ್ಮ ಬಗ್ಗಿ ಅದರ ಬೆನ್ನಿಗೆ ಕಿವಿ ಇಟ್ಟಳು.

ಗೊರ್... ಗೊರ್...

ಮೊದಲು ಅವಳು ನೋಡಿದ್ದು ಕೋಳಿಯನ್ನಲ್ಲ, ಪಕ್ಕದ ಗೋಡೆಯನ್ನು. ಗೋಡೆಯಾಚೆ ಈರಕ್ಕ ಇದ್ದಳು. ಈರಕ್ಕನ ಕಿವಿ ಬಹಳ ಚುರುಕು.

"ಏನಕ್ಕ ಅದು ಸದ್ದು?" ಆಚೆಯಿಂದ ಈರಕ್ಕನ ದನಿ ಬಂದೇಬಿಟ್ಟಿತು.

ಓಬಳಮ್ಮ ಸುತ್ತ ನೋಡಿದಳು. ಎದುರಿಗೆ ಒರಳು ಇತ್ತು, ಮೂಲೆಯಲ್ಲಿ ಒನಕೆ ಇತ್ತು. ಒಂದು ಬೊಗಸೆ ಒಣಮೆಣಸಿನಕಾಯಿ ಸುರಿದು ಧಡ್ ಧಡ್ ಎಂದು ಕುಟ್ಟತೊಡಗಿದಳು.

"ಖಾರದ್ ಪುಡಿ ಮುಗುದೋಗೈತೆ ಕಣಕ್ಕ, ಕುಟ್ತಾ ಇದೀನಿ!"

"ಹೂಂ ಕಣಕ್ಕ, ನಮ್ಮನೇಲೂ ಮುಗುದೈತೆ" ಎಂದಳು ಈರಕ್ಕ. ತುಸು ಹೊತ್ತಿಗೆ ಆ ಮನೆಯಿಂದಲೂ ಧಡ್ ಧಡ್ ಕೇಳಿಸಿತು.

ಓಬಳಮ್ಮ ನಿಟ್ಟುಸಿರುಬಿಟ್ಟಳು. ಪಾಪ, ಈರಕ್ಕನಿಗೆ ಗೊತ್ತಾಗಲಿಲ್ಲ ಎಂದುಕೊಂಡಳು. ಕುಂಬಳಕಾಯಿ ಕಳ್ಳಿ ತನ್ನ ಹೆಗಲನ್ನೇ ಮುಟ್ಟಿ ನೋಡಿಕೊಳ್ಳುವಾಗ ಪಕ್ಕದವಳ ಹೆಗಲು ಎಲ್ಲಿ ಕಾಣುತ್ತದೆ?

ಮರುದಿನ ಬೆಳಿಗ್ಗೆ ಮೂರು ಮನೆಯಲ್ಲಿ ಒನಕೆ ಸದ್ದು. ಅದರ ಮರುದಿನ ಆರು ಮನೆಯಲ್ಲಿ. ಹಬ್ಬವಿಲ್ಲ, ಮದುವೆಯಿಲ್ಲ, ಆದರೂ ಇಡೀ ಕೇರಿ ಬೆಳಗಿನಿಂದ ಖಾರ ಕುಟ್ಟುತ್ತಿತ್ತು. ಘಾಟಿಗೆ ಮಕ್ಕಳು ಸೀನಿದರು, ಮುದುಕರು ಕೆಮ್ಮಿದರು. ಮೂಗು ಕಟ್ಟಿದ್ದ ಕೋಳಿಗಳ ಪಾಡು ಕೇಳಬೇಕೆ? ಅವುಗಳ ಗೊರಗೊರ ಹೆಚ್ಚಾಯಿತು. ಗೊರಗೊರ ಹೆಚ್ಚಾದಷ್ಟೂ ಹೆಂಗಸರು ಇನ್ನಷ್ಟು ಜೋರಾಗಿ ಕುಟ್ಟಿದರು. ನಗಬೇಡಿ ಮಕ್ಕಳೇ. ಹೆದರಿದ ಜನ ಮಾಡುವ ಕೆಲಸ ದೂರದಿಂದ ನೋಡಿದರೆ ಹೀಗೇ ಇರುತ್ತದೆ.

ನಲ್ಲಿಯ ಹತ್ತಿರ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. "ಕೋಳಿ ಚೆನ್ನಾಗವ್ಯಾ?" ಎಂದು ಒಬ್ಬಳು ಕೇಳಿದರೆ, "ಅಯ್ಯೋ, ಗುಂಡುಕಲ್ಲಿನಂಗವೆ" ಎಂದು ಇನ್ನೊಬ್ಬಳು ಹೇಳುತ್ತಿದ್ದಳು. ಓಬಳಮ್ಮನೂ ಹಾಗೇ ಹೇಳಿದಳು. ಗೊರಗೊರ ಓಬಳಮ್ಮ ಎಂಬ ಹೆಸರು ಅವಳ ಕಿವಿಯಲ್ಲಿ ಆಗಲೇ ಕೇಳಿಸುತ್ತಿತ್ತು. ಯಾರ ಮನೆಗೂ ಸಾರಿನ ಬಟ್ಟಲು ಹೋಗದ, ಯಾರ ಮನೆಯಿಂದಲೂ ಬಟ್ಟಲು ಬಾರದ ದಿನಗಳು ಕಣ್ಣಿಗೆ ಕಟ್ಟುತ್ತಿದ್ದವು. ಕೇರಿಯಲ್ಲಿ ಒಂದು ಮನೆಯಿಂದ ಮಾತ್ರ ಒನಕೆ ಸದ್ದು ಬರುತ್ತಿರಲಿಲ್ಲ. ಅದು ದಾಸಮ್ಮನ ಮನೆ.

ನಾಲ್ಕನೇ ದಿನ ಓಬಳಮ್ಮನ ಒಂದು ಕೋಳಿ ಸತ್ತಿತು. ಕೆಂದಿ ಇನ್ನೂ ಬದುಕಿತ್ತು. ಕತ್ತನ್ನು ಮೇಲಕ್ಕೆ ಚಾಚಿ, ಕೊಕ್ಕು ತೆರೆದು, ಒಂದೊಂದು ಉಸಿರನ್ನೂ ಬಾವಿಯಿಂದ ಸೇದಿದ ಹಾಗೆ ಎಳೆಯುತ್ತಿತ್ತು. ಕೆಂಪಗಿದ್ದ ಜುಟ್ಟು ನೇರಳೆಗೆ ತಿರುಗಿತ್ತು. ಓಬಳಮ್ಮ ಅದರ ಮುಂದೆ ಕೂತು ಅತ್ತಳು. ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು, ಅಳುವ ಸದ್ದೂ ಗೋಡೆ ದಾಟಬಾರದಲ್ಲ.

ಅತ್ತು ಮುಗಿದ ಮೇಲೆ ಅವಳ ತಲೆಯಲ್ಲಿ ಒಂದು ಕೆಟ್ಟ ಯೋಚನೆ ಹೊಳೆಯಿತು. ಅವಳು ಕೆಟ್ಟವಳಲ್ಲ, ಭಯ ಅವಳಿಂದ ಮಾಡಿಸಿತು ಎಂದು ಹೇಳಬಹುದು. ಆದರೂ ಯೋಚನೆ ಕೆಟ್ಟದ್ದೇ. ಸತ್ತ ಕೋಳಿಯನ್ನು ದಾಸಮ್ಮನ ಹಿತ್ತಿಲಲ್ಲಿ ಎಸೆದು ಬಂದರೆ? ಕಂಡವರು, ನೋಡ್ರಪ್ಪ, ಮತ್ತೆ ಅವಳ ಮನೆಯಿಂದಲೇ ಶುರುವಾಯಿತು ಅನ್ನುತ್ತಾರೆ. ಆ ಹೆಸರು ಹೊತ್ತು ಅವಳಿಗೆ ಅಭ್ಯಾಸವಾಗಿದೆ. ತನಗೆ ಅಭ್ಯಾಸವಿಲ್ಲ.

ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋದ ಹೊತ್ತು. ಓಬಳಮ್ಮ ಸತ್ತ ಕೋಳಿಯನ್ನು ಹಳೇ ಗೋಣಿಚೀಲದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹಿತ್ತಿಲ ದಾರಿ ಹಿಡಿದಳು. ಒಂದು ಒಣ ಎಲೆ ಅಲುಗಿದರೂ ಹಾವು ತುಳಿದವಳಂತೆ ನಿಲ್ಲುತ್ತಿದ್ದಳು. ಕೊನೆಗೆ ದಾಸಮ್ಮನ ಬೇಲಿ ಬಂತು. ಓಬಳಮ್ಮ ಬೇಲಿಯ ಸಂದಿಯಲ್ಲಿ ತಲೆ ಹಾಕಿದಳು.

ಒಳಗೆ ದಾಸಮ್ಮ ಗುಂಡಿ ತೋಡುತ್ತಿದ್ದಳು. ಗುಂಡಿಯ ಪಕ್ಕದಲ್ಲಿ ಸುಣ್ಣದ ಬುಟ್ಟಿ ಇತ್ತು. ಬುಟ್ಟಿಯ ಪಕ್ಕದಲ್ಲಿ ಐದು ಸತ್ತ ಕೋಳಿಗಳು ಸಾಲಾಗಿ ಮಲಗಿದ್ದವು. ಒಂದು ಈರಕ್ಕನ ಬೋಳು ಕತ್ತಿನ ಹುಂಜ. ಇನ್ನೊಂದು ಎದುರುಮನೆಯವರ ಚುಕ್ಕೆ ಹೇಂಟೆ. ಗುಂಡುಕಲ್ಲಿನ ಹಾಗಿದ್ದ ಕೋಳಿಗಳೆಲ್ಲ ಅಲ್ಲಿದ್ದವು.

ದಾಸಮ್ಮ ತಲೆ ಎತ್ತಿದಳು. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ.

"ತಂದ್ಯಾ ಓಬಳಮ್ಮ? ಇಲ್ಲೇ ಇಳ್ಸು. ಗುಂಡಿ ಇನ್ನೊಂದು ಗೇಣು ತೋಡಿದ್ರೆ ನಿಂದೂ ಹಿಡಿಸ್ತದೆ."

ಓಬಳಮ್ಮನಿಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಓಡಲು ಕಾಲು ಬರಲಿಲ್ಲ, ನಿಲ್ಲಲು ಮುಖ ಇರಲಿಲ್ಲ. ಆಗ ಅವಳ ಕಣ್ಣು ದಾಸಮ್ಮನ ಜಗಲಿಯ ಕಡೆ ಹೋಯಿತು. ಅಲ್ಲಿ ತಂತಿಬಲೆಯ ಗೂಡಿನಲ್ಲಿ ಎರಡು ಕೋಳಿಗಳಿದ್ದವು. ಮೂಗು ಒಣಗಿತ್ತು, ಕಣ್ಣು ಹೊಳೆಯುತ್ತಿತ್ತು, ಜುಟ್ಟು ಕೆಂಪಗಿತ್ತು. ಉಸಿರಿನ ಸದ್ದೇ ಇರಲಿಲ್ಲ.

"ನಿನ್ನವಕ್ಕೆ ಬರಲೇ ಇಲ್ವಾ ಅಕ್ಕ?"

"ಎಲ್ಲರಿಗಿಂತ ಮುಂಚೆ ಬಂತು. ಮೂಗು ಸೋರಿದ ದಿನಾನೇ ಬೇರೆ ಮಾಡ್ದೆ. ಪಶು ಆಸ್ಪತ್ರೆಗೆ ಬುಟ್ಟೀಲಿ ಹೊತ್ಕಂಡು ಹೋದೆ. ಡಾಕ್ಟರಮ್ಮ ನೋಡಿ, ಇದು ನೆಗಡಿ ಜಾತಿ ರೋಗ, ಬೇಗ ತಂದಿದೀಯ, ವಾಸಿಯಾಗ್ತದೆ ಅಂದ್ರು. ನೀರಿಗೆ ಹಾಕಕ್ಕೆ ಔಷಧಿ ಕೊಟ್ರು. ಐದು ದಿನಕ್ಕೆ ಗೊರಗೊರ ನಿಂತೋಯ್ತು."

"ಅಯ್ಯೋ ಅಕ್ಕ!" ಓಬಳಮ್ಮ ಬೇಲಿ ಹಿಡಿದುಕೊಂಡಳು. "ಮದ್ದು ಗೊತ್ತಿತ್ತು ನಿಂಗೆ. ನನ್ನ ಕೆಂದಿ ಸಾಯ್ತಾ ಐತೆ. ಒಂದು ಮಾತು ನಮಗೆ ಹೇಳಬಾರದಿತ್ತಾ?"

ದಾಸಮ್ಮ ಗುದ್ದಲಿ ಕೆಳಗಿಟ್ಟಳು. ಓಬಳಮ್ಮನ ಕಂಕುಳಲ್ಲಿದ್ದ ಗೋಣಿಚೀಲವನ್ನೇ ಸ್ವಲ್ಪ ಹೊತ್ತು ನೋಡಿದಳು.

"ಹೋದ್ ಸಲ ಹೇಳಿದ್ನಲ್ಲ" ಎಂದಳು.

ಓಬಳಮ್ಮ ಚೀಲ ಕೆಳಗಿಟ್ಟು, ಬಂದ ದಾರಿಯಲ್ಲೇ ತಿರುಗಿ ಹೋದಳು. ಆದರೆ ಮನೆಗೆ ಹೋಗಲಿಲ್ಲ, ನಲ್ಲಿಯ ಹತ್ತಿರ ಹೋಗಿ ನಿಂತಳು. ಹೊಲದಿಂದ ಹೆಂಗಸರು ಬಂದರು, ಕೊಡ ತಂದರು. ಕೆಲವು ಮನೆಯಲ್ಲಿ ಸಂಜೆ ಖಾರ ಕುಟ್ಟುವುದೂ ಶುರುವಾಯಿತು. ಈಗ ಬಾಯಿ ಬಿಟ್ಟರೆ ತನ್ನ ಬಳಗವೆಲ್ಲ ಹೋಯಿತು ಎಂದು ಓಬಳಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಬಿಡದಿದ್ದರೆ ಕೆಂದಿ ಹೋಯಿತು, ಉಳಿದ ಕೋಳಿಗಳೂ ಹೋದವು. ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟಳು.

"ನನ್ ಕೋಳಿಗೆ ಗೊರಗೊರ ಬಂದು ನಾಕು ದಿನ ಆಯ್ತು. ಒಂದು ಸತ್ತೋಯ್ತು. ಅದನ್ನ ದಾಸಮ್ಮನ ಹಿತ್ಲಿಗೆ ಎಸೆಯಕ್ಕೆ ಹೋಗಿದ್ದೆ. ಅಲ್ಲಿ ಯಾರ್ಯಾರ ಕೋಳಿ ಐತೆ ಅಂತ ನಾನು ನೋಡ್ಕಂಡು ಬಂದಿದೀನಿ. ಹೆಸರು ಹೇಳಲ್ಲ. ಒಂದ್ ಗಳಿಗೆ ಒನಕೆ ನಿಲ್ಸಿ ತಾಯಂದಿರಾ!"

ಒನಕೆಗಳು ಒಂದೊಂದಾಗಿ ನಿಂತವು. ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಕೇರಿ ಸುಮ್ಮನಾಯಿತು. ಆಗ ಕೇಳಿಸಿತು. ಈ ಹಿತ್ತಿಲಿಂದ ಗೊರ್, ಆ ಹಿತ್ತಿಲಿಂದ ಗೊರ್, ಬೇಲಿಯ ಹಿಂದಿನಿಂದ, ಅಟ್ಟದ ಮೇಲಿಂದ, ಯಾರೋ ಕಂಬಳಿ ಹೊದಿಸಿ ಬಚ್ಚಿಟ್ಟಿದ್ದ ಬುಟ್ಟಿಯೊಳಗಿಂದ. ಹೆಂಗಸರು ಕೊಡ ಹಿಡಿದುಕೊಂಡು ನಿಂತಲ್ಲೇ ನಿಂತರು. ಈರಕ್ಕ ಮೊದಲು ಅತ್ತಳು. ಆಮೇಲೆ ಎಲ್ಲರೂ ಅತ್ತರು.

ಮರುದಿನ ಬೆಳಿಗ್ಗೆ ದಾಸಮ್ಮನನ್ನು ಕರೆಯಲು ಎಲ್ಲರೂ ಅವಳ ಬಾಗಿಲಿಗೆ ಹೋದರು. ಅವಳು ಚಪ್ಪಲಿ ಮೆಟ್ಟಿ ಪಶು ಆಸ್ಪತ್ರೆಯ ಕಡೆ ಮುಂದೆ ನಡೆದಳು. ಅವಳ ಜೊತೆ ಡಾಕ್ಟರಮ್ಮ ಕೇರಿಗೆ ಬಂದರು. ಮನೆಮನೆಯ ಒರಳು ನೋಡಿ ಹಣೆ ಚಚ್ಚಿಕೊಂಡರು.

"ಉಸಿರು ಕಟ್ಟಿದ ಕೋಳಿ ಮುಂದೆ ಖಾರ ಕುಟ್ಟುತ್ತಾರೇನ್ರಮ್ಮ? ಅದಕ್ಕೆ ಬೇಕಾದ್ದು ಒಳ್ಳೆ ಗಾಳಿ. ಧೂಳು, ಹೊಗೆ, ಘಾಟು ಒಂದೂ ಆಗಬಾರದು. ಕೆಳಗೆ ಒಣಗಿದ ಹುಲ್ಲು ಹಾಸಿ. ರೋಗದ್ದನ್ನು ಬೇರೆ ಇಡಿ. ಆ ತೊಟ್ಟಿ ನೀರು ಚೆಲ್ಲಿ ಉಜ್ಜಿ ತೊಳೆಯಿರಿ, ರೋಗ ಮನೆಯಿಂದ ಮನೆಗೆ ಹೋಗಿದ್ದು ಅಲ್ಲಿಂದಲೇ. ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಕಣ್ಣು ಮೂಗು ಒರೆಸಿ. ಔಷಧಿ ಬೆರೆಸಿದ ನೀರು ಬಿಟ್ಟು ಬೇರೆ ನೀರು ಕೊಡಬೇಡಿ. ಔಷಧಿ ನಡೆಯುವಾಗ, ಆಮೇಲೂ ನಾನು ಹೇಳುವವರೆಗೂ, ಮೊಟ್ಟೆ ತಿನ್ನಬೇಡಿ."

"ಮೂರ್ ವರ್ಷದ್ ಹಿಂದೆ ಎಲ್ಲಾ ಸತ್ತೋದ್ವಲ್ಲ ಡಾಕ್ಟರಮ್ಮ, ಸದ್ದು ಇದೇ ಇತ್ತು" ಎಂದಳು ಈರಕ್ಕ.

"ಆಗ ಹಸಿರು ಹಿಕ್ಕೆ ಹಾಕಿದ್ವಾ? ಕತ್ತು ತಿರುಚಿಕೊಂಡಿದ್ವಾ?"

"ಹೂಂ ಕಣಮ್ಮ."

"ಹಾಗಾದರೆ ಅದು ಕೊಕ್ಕರೆ ರೋಗ ಇರಬೇಕು. ಬಂದ ಮೇಲೆ ಅದಕ್ಕೆ ಮದ್ದಿಲ್ಲ, ಬರುವ ಮುಂಚೆ ಲಸಿಕೆ ಹಾಕಿಸಬೇಕು. ಸದ್ದು ಒಂದೇ ಇರಬಹುದು, ರೋಗ ಬೇರೆ ಬೇರೆ. ಕಿವಿಯಲ್ಲಿ ಕೇಳಿ ಹೆದರಿದರೆ ಆಗೋದಿಲ್ಲ, ತಂದು ತೋರಿಸಬೇಕು."

ಯಾರೂ ದಾಸಮ್ಮನ ಕಡೆ ನೋಡಲಿಲ್ಲ. ಆ ರೋಗವನ್ನು ಅವಳು ತಂದಿರಲಿಲ್ಲ, ಹೇಳಿದ್ದಳು ಅಷ್ಟೆ. ಅಷ್ಟನ್ನು ತಿಳಿಯಲು ಕೇರಿಗೆ ಮೂರು ವರ್ಷ ಬೇಕಾಯಿತು.

ಔಷಧಿ ಕುಡಿದ ಕೋಳಿಗಳಲ್ಲಿ ಬಹಳಷ್ಟು ಬದುಕಿಕೊಂಡವು. ಕೆಂದಿ ಬದುಕಲಿಲ್ಲ. ಡಾಕ್ಟರಮ್ಮ ಅದನ್ನು ಕೈಯಲ್ಲಿ ಹಿಡಿದು ನೋಡಿ, "ಮೊದಲ ದಿನ ತಂದಿದ್ದರೆ ಉಳಿಯುತ್ತಿತ್ತಮ್ಮ" ಎಂದರು. ಆ ಮಾತು ಓಬಳಮ್ಮನಿಗೆ ಗೊರಗೊರ ಎಂಬ ಹೆಸರಿಗಿಂತ ಹೆಚ್ಚು ಚುಚ್ಚಿತು. ಮಧ್ಯಾಹ್ನದ ಹೊತ್ತಿಗೆ ಕೆಂದಿ ಅವಳ ಮಡಿಲಲ್ಲೇ ಉಸಿರು ನಿಲ್ಲಿಸಿತು.

ಕೆಂದಿಯನ್ನು ಸುಣ್ಣ ಹಾಕಿ ಹೂತ ಸಂಜೆ, ಓಬಳಮ್ಮ ಒಂದು ಬಟ್ಟಲು ಹುರುಳಿ ಸಾರು ಹಿಡಿದುಕೊಂಡು ಕೊನೆಯ ಮನೆಗೆ ಹೋದಳು. ಈ ಸಲ ಮುಂಬಾಗಿಲಿನಿಂದ ಹೋದಳು. ಹಿಂದೆ ಈರಕ್ಕನೂ ಬಂದಿದ್ದಳು. ದಾಸಮ್ಮ ಬಟ್ಟಲು ಈಸಿಕೊಂಡಳು. ಬನ್ನಿ ಎಂದಳು, ನಗಲಿಲ್ಲ.

"ಅಕ್ಕ," ಓಬಳಮ್ಮ ಕೇಳಿದಳು, "ಇನ್ನೊಂದ್ ಸಲ ರೋಗ ಬಂದ್ರೆ ನಮಗೆ ಹೇಳ್ತೀಯಾ?"

ದಾಸಮ್ಮ ಬಟ್ಟಲನ್ನು ಕೆಳಗಿಟ್ಟಳು.

"ನಿಮ್ಮ ಮನೇಲಿ ಮೊದಲು ಬಂದ್ರೆ ನೀವು ಹೇಳಿ" ಎಂದಳು. "ಹೇಳಿದವ್ರನ್ನ ಈ ಕೇರಿ ಏನ್ ಮಾಡ್ತದೆ ಅಂತ ನೋಡ್ಕಂಡು, ಆಮೇಲೆ ನಾನು ಹೇಳ್ತೀನಿ."

ನೀತಿ: ರೋಗವನ್ನು ಮುಚ್ಚಿಟ್ಟರೆ ರೋಗ ಬೆಳೆಯುತ್ತದೆ. ಮೊದಲ ಲಕ್ಷಣ ಕಂಡ ದಿನವೇ ಬಲ್ಲವರಿಗೆ ತೋರಿಸಬೇಕು. ಕೆಟ್ಟ ಸುದ್ದಿ ಹೇಳಿದವರನ್ನೇ ಹಳಿಯುವ ಊರಿನಲ್ಲಿ, ಮುಂದಿನ ಸಲ ಮದ್ದು ಗೊತ್ತಿದ್ದವರೂ ಬಾಯಿ ಬಿಡುವುದಿಲ್ಲ.