ಮಧ್ಯಾಹ್ನ ಮಲಗುವ ಬ್ಯಾಟರಿ

ಹತ್ತಿರ ಬಾ. ಯಾರ ಹತ್ರನೂ ಬಾಯಿ ಬಿಡಬೇಡ, ಆಣೆ ಮಾಡು.

ಪಕ್ಕದ್ಮನೆ ಪಂಚಾಯ್ತಿ ಮೆಂಬರ್ ನಿಂಗರಾಜಯ್ಯನ ಬೈಕಿನ ಬ್ಯಾಟರಿ ದಿನಾ ಸಂಜೆಗೆ ಸತ್ತಿರ್ತಿತ್ತು. "ಇನ್ನೊಂದ್ಸಲ ಹಿಂಗಾದ್ರೆ ನಿನ್ನ ಅಂಗಡಿ ಕೀಳಿಸ್ತೀನಿ ಕಣೋ!" ಅಂತ ಮೆಕ್ಯಾನಿಕ್ ಮೇಲೆ ಗುಡುಗಿದ.

ಮೆಕ್ಯಾನಿಕ್ ಓಡಿ ಬಂದ. ಬ್ಯಾಟರಿ ನೋಡಿದ, ವೈರು ನೋಡಿದ; ಎಲ್ಲ ಸರಿ. ಕನ್ನಡಿ ಮಾತ್ರ ಯಾರೋ ಗಿಡ್ಡಗಿರೋರ ಮುಖಕ್ಕೆ ಬಗ್ಗಿತ್ತು. ಮಧ್ಯಾಹ್ನ ಗೋಡೆ ಮರೆಯಲ್ಲಿ ನಿಂತ. ಒಳಗೆ ಮೆಂಬರ್ ಗೊರಕೆ. ಅಂಗಳದಲ್ಲಿ ಅವನ ಹೆಂಡತಿ ಚಿಕ್ಕತಾಯಮ್ಮ ಬೈಕೇರಿ, ಕೀ ತಿರುಗಿಸಿ, ದೀಪ ಹಚ್ಚಿ, ಕಣ್ಣು ಮುಚ್ಚಿ, ಗಾಳಿಗೆ ಸೆರಗು ಬಿಟ್ಟು, ನಿಂತ ಬೈಕಲ್ಲೇ ಸಮುದ್ರದ ಕಡೆ ಹೊರಟಿದ್ಲು!

"ಯಜಮಾನ್ರೇ, ನಿಮ್ಮಂಗೇ ಬ್ಯಾಟರಿಗೂ ಮಧ್ಯಾಹ್ನದ ನಿದ್ದೆ ಬೇಕು. ಮಲಗೋ ಮುಂಚೆ ವೈರು ಬಿಚ್ಚಿಡಿ," ಅಂದ ಮೆಕ್ಯಾನಿಕ್.

ಈಗ ಮೆಂಬರ್ ವೈರು ಬಿಚ್ಚಿ, ಬ್ಯಾಟರಿಗೆ ಟವೆಲ್ ಹೊದಿಸಿ ಮಲಗ್ತಾನೆ. ಅವಳ ಸವಾರಿ ಮಾತ್ರ ನಿಂತಿಲ್ಲ; ಕಣ್ಣು ಮುಚ್ಚಿ ಹೋಗೋಳಿಗೆ ದೀಪ ಯಾಕೆ?

ದಿನಾ ಎಲ್ಲಿಗೇ ಸವಾರಿ ಅಂತ ಚಿಕ್ಕತಾಯಮ್ಮನ್ನ ಕೇಳೇಬಿಟ್ಟೆ. ಮುಖಕ್ಕೇ ಅಂದ್ಲು: "ಗೋಡೆ ಮೇಲಿಂದ ಇಣುಕಿ ಕತ್ತು ನೋಯ್ಸ್ಕೋಬೇಡ ದೊಡ್ಡವ್ವ. ಹಿಂದಿನ ಸೀಟು ಖಾಲಿ ಐತೆ, ಹತ್ತು."